ದನಿ ಅವರದೇ ಆಗಿರಲಿ: ಮದೀನದಿಂದ ನಮ್ಮ ಮನೆಯಂಗಳದವರೆಗೆ ಒಂದು ಇತಿಹಾಸ

ನಮ್ಮ ಊರುಗಳ ನಿಕಾಹ್ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಒಂದು ದೃಶ್ಯವಿದೆ. ಸಭಾಂಗಣದ ಬದಿಯಲ್ಲಿ ಇಪ್ಪತ್ತರ ಹರೆಯದ ಯುವಕನೊಬ್ಬ ಗಾಲಿಕುರ್ಚಿಯಲ್ಲಿ ಕುಳಿತಿರುತ್ತಾನೆ. ಬಂಧುಗಳು ಹತ್ತಿರ ಬರುತ್ತಾರೆ, ಅವನ ತಲೆ ನೇವರಿಸುತ್ತಾರೆ, ಬಳಿಕ ಪಕ್ಕದಲ್ಲಿ ನಿಂತ ತಾಯಿಯೊಡನೆ ವಿಚಾರಿಸುತ್ತಾರೆ: "ಇವನು ಏನು ಓದುತ್ತಿದ್ದಾನೆ? ಇವನಿಗೆ ಊಟ ಆಯಿತಾ?" ಅವನಿಗೆ ಕಿವಿ ಕೇಳಿಸುತ್ತದೆ, ಮಾತು ಬರುತ್ತದೆ, ಉತ್ತರವೂ ಗೊತ್ತಿದೆ. ಆದರೂ ಪ್ರಶ್ನೆ ಅವನ ತಲೆಯ ಮೇಲಿಂದ ಹಾದುಹೋಗುತ್ತದೆ. ಕೇಳಿದವರ ಮನಸ್ಸಿನಲ್ಲಿ ಕೆಡುಕಿಲ್ಲ, ಕನಿಕರವೇ ಇದೆ. ಆದರೆ ಆ ಕನಿಕರವು ಯುವಕನನ್ನು ಅವನದೇ ಬದುಕಿನ ಮಾತುಕತೆಯಿಂದ ಹೊರಗಿಟ್ಟುಬಿಟ್ಟಿರುತ್ತದೆ.

ಅದೇ ತಾಯಿ ರಾತ್ರಿಯ ನಮಾಝ್‌ನ ಬಳಿಕ ಅಲ್ಲಾಹನ ಮುಂದೆ ಕೈಚಾಚಿ ಕೇಳುವ ಪ್ರಶ್ನೆ ಬೇರೆಯದೇ: ನಾವು ಇಲ್ಲವಾದ ಮೇಲೆ ಇವನ ಗತಿಯೇನು? ವಿಕಲಚೇತನ ಮಕ್ಕಳಿರುವ ಯಾವ ಮನೆಯೂ ಈ ಪ್ರಶ್ನೆಯಿಂದ ಹೊರತಾಗಿಲ್ಲ. ಇದಕ್ಕೆ ಹಣದ ಗಂಟು ಉತ್ತರವಲ್ಲ, ಒಬ್ಬ ದಯಾಳುವಾದ ಅಣ್ಣನೂ ಪೂರ್ಣ ಉತ್ತರವಲ್ಲ. ತನ್ನ ಅಗತ್ಯವನ್ನು ತಾನೇ ಗುರುತಿಸಿ, ತನ್ನ ಬಾಯಿಂದಲೇ ಹೇಳಿ, ತನ್ನ ಹಕ್ಕನ್ನು ತಾನೇ ಕೇಳಬಲ್ಲ ವ್ಯಕ್ತಿಯಾಗಿ ಆ ಮಗು ಬೆಳೆಯಬೇಕು. ಈ ಮಾತು ಇಂದಿನ ಕಾಲದ ಹೊಸ ಕಂಡುಹಿಡಿತವೆಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಆದರೆ ಇದರ ಬೇರುಗಳು ನಮ್ಮದೇ ಇತಿಹಾಸದಲ್ಲಿ, ಮದೀನದ ಮಸೀದಿಯಲ್ಲೇ ಇವೆ. ಆ ಇತಿಹಾಸವನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಅದರಿಂದ ಕಲಿಯುವುದನ್ನು ಮಾತ್ರ ಮರೆತಿದ್ದೇವೆ.

ಒಬ್ಬ ಅಂಧರ ಪ್ರಶ್ನೆ

ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಮಕ್ಕಾದ ಕುರೈಶ್ ಮನೆತನದವರು, ಹ. ಖದೀಜಾ(ರ)ರ ಸೋದರ ಸಂಬಂಧಿ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪ್ರವಾದಿವರ್ಯರು(ಸ) ಕುರೈಶರ ಮುಖಂಡರೊಡನೆ ಗಂಭೀರ ಮಾತುಕತೆಯಲ್ಲಿದ್ದಾಗ ಅವರು ಬಂದು, ತನಗೆ ಕಲಿಸಿಕೊಡಬೇಕೆಂದು ಕೇಳಿದ ಸಂದರ್ಭ ಹಾಗೂ ಆಗ ಅವತೀರ್ಣವಾದ 'ಅಬಸ' ಅಧ್ಯಾಯ ನಮಗೆಲ್ಲ ತಿಳಿದಿದೆ. ಈ ಘಟನೆಯನ್ನು ನಾವು ಸಾಮಾನ್ಯವಾಗಿ ದೀನರ ಮೇಲಿನ ಕರುಣೆಯ ಪಾಠವಾಗಿ ಓದುತ್ತೇವೆ. ಆದರೆ ಇಬ್ನು ಉಮ್ಮಿ ಮಕ್ತೂಮ್(ರ) ಅಂದು ಭಿಕ್ಷೆ ಬೇಡಲು ಬಂದಿರಲಿಲ್ಲ. ಜ್ಞಾನವನ್ನು ಅರಸಿ, ಪ್ರಶ್ನೆಯೊಂದಿಗೆ, ಸ್ವತಃ ನಡೆದು ಬಂದಿದ್ದರು. ತನ್ನ ಕಲಿಕೆಗೆ ಮುಖಂಡರ ಮಾತುಕತೆಯಷ್ಟೇ ಬೆಲೆಯಿದೆ ಎಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆಯನ್ನು ಅಲ್ಲಾಹನು ಎತ್ತಿಹಿಡಿದನು. ಕಲಿಯಲು ಬಂದವನ ಕಡೆಗೆ ಗಮನ ಕೊಡಬೇಕೆಂಬುದು ಆ ಸೂಕ್ತಗಳ ತಿರುಳು.

ಬಳಿಕ ನಡೆದುದನ್ನು ಗಮನಿಸೋಣ. ಮದೀನದ ಜನರಿಗೆ ಕುರ್‌ಆನ್ ಕಲಿಸಲು ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪಿದ ಇಬ್ಬರು ಮುಸ್ಅಬ್ ಬಿನ್ ಉಮೈರ್(ರ) ಮತ್ತು ಇದೇ ಇಬ್ನು ಉಮ್ಮಿ ಮಕ್ತೂಮ್(ರ). ಪ್ರವಾದಿವರ್ಯರು(ಸ) ಮದೀನದಿಂದ ಹೊರಗೆ ಹೋಗಬೇಕಾಗಿ ಬಂದಾಗ ನಗರದ ಹೊಣೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಇವರಿಗೆ ಒಪ್ಪಿಸಿದರು. ಜನರಿಗೆ ನಮಾಝ್‌ನ ನೇತೃತ್ವ ನೀಡುತ್ತಿದ್ದವರೂ ಇವರೇ. ಕಲಿಯಲು ಬಂದವರು ಕಲಿಸುವವರಾದರು, ಮಾತು ಕೇಳಿಸಿಕೊಳ್ಳಲ್ಪಡದೆ ಹೋದವರು ನಗರದ ಆಡಳಿತ ನೋಡಿದರು. ಅವರಿಗೆ ಸಿಕ್ಕಿದ ಗೌರವವು ಸವಿಮಾತಿನ ರೂಪದಲ್ಲಿ ಬರಲಿಲ್ಲ, ಹೊಣೆಗಾರಿಕೆಯ ರೂಪದಲ್ಲಿ ಬಂತು.

ಮುಂಜಾನೆಯ ಅಝಾನ್

ರಮಝಾನ್‌ನ ಸಹ್ರಿಗೆ ಸಂಬಂಧಿಸಿದ ಒಂದು ಪ್ರಸಿದ್ಧ ಹದೀಸ್ ಇದೆ. ಬಿಲಾಲ್(ರ) ಇನ್ನೂ ಇರುಳಿರುವಾಗಲೇ ಅಝಾನ್ ಕರೆಯುತ್ತಾರೆ, ಆದ್ದರಿಂದ ಇಬ್ನು ಉಮ್ಮಿ ಮಕ್ತೂಮ್‌ರ ಅಝಾನ್ ಕೇಳುವ ತನಕ ಉಣ್ಣಬಹುದು ಎಂಬುದು ಅದರ ಸಾರ. ಅಂದರೆ ಫಜ್ರ್‌ನ ಸಮಯ ಸಾರುವ ಕೆಲಸ, ಇಡೀ ನಗರದ ಉಪವಾಸದ ಆರಂಭವನ್ನು ತಿಳಿಸುವ ಕೆಲಸ, ಬೆಳಕನ್ನು ಕಾಣಲಾರದ ಒಬ್ಬರ ಕೈಯಲ್ಲಿತ್ತು. ಅವರು ಈ ಕೆಲಸ ಮಾಡುತ್ತಿದ್ದುದು ಹೇಗೆ? ಬೆಳಗಾಯಿತೆಂದು ಜನರು ಅವರಿಗೆ ತಿಳಿಸುತ್ತಿದ್ದರು, ತಿಳಿಸಿದ ಬಳಿಕ ಅವರು ಅಝಾನ್ ಕರೆಯುತ್ತಿದ್ದರು ಎಂದು ಅದೇ ವರದಿಯಲ್ಲಿದೆ.

ಈ ಸಣ್ಣ ವಿವರದಲ್ಲಿ ಒಂದು ದೊಡ್ಡ ತತ್ವವಿದೆ. ಸ್ವಾವಲಂಬನೆಯೆಂದರೆ ಯಾರ ನೆರವನ್ನೂ ಪಡೆಯದಿರುವುದು ಎಂದು ನಾವು ತಪ್ಪಾಗಿ ತಿಳಿದಿದ್ದೇವೆ. ಹಾಗೆ ನೋಡಿದರೆ ಲೋಕದಲ್ಲಿ ಸ್ವಾವಲಂಬಿಗಳೇ ಇಲ್ಲ. ಮದೀನದ ಜನರು ಕಣ್ಣಿನ ಕೆಲಸವನ್ನಷ್ಟೇ ಹಂಚಿಕೊಂಡರು. ದನಿ, ಸ್ಥಾನ, ಹೊಣೆ ಎಲ್ಲವೂ ಇಬ್ನು ಉಮ್ಮಿ ಮಕ್ತೂಮ್‌ರದ್ದಾಗಿಯೇ ಉಳಿಯಿತು. ಕಣ್ಣು ಕಾಣದವರಿಗೆ ಸಮಯ ಹೇಗೆ ತಿಳಿದೀತು ಎಂದು ಹೇಳಿ ಅವರನ್ನು ಕೂರಿಸುವುದು ಸುಲಭವಿತ್ತು. ಹಾಗೆ ಮಾಡದೆ, ಕೊರತೆಯಿರುವಲ್ಲಿ ನೆರವು ಕೊಟ್ಟು ಕೆಲಸವನ್ನು ಅವರ ಕೈಯಲ್ಲೇ ಬಿಡಲಾಯಿತು.

ಅವರು ತನ್ನ ಪರವಾಗಿ ಮಾತನಾಡಿದ ಇನ್ನೊಂದು ಸಂದರ್ಭವೂ ಇದೆ. ದೇವಮಾರ್ಗದಲ್ಲಿ ಹೋರಾಡುವವರೂ ಮನೆಯಲ್ಲಿ ಉಳಿಯುವವರೂ ಸಮಾನರಲ್ಲ ಎಂಬ 'ಅನ್ನಿಸಾ' ಅಧ್ಯಾಯದ ಸೂಕ್ತವನ್ನು ಝೈದ್ ಬಿನ್ ಸಾಬಿತ್(ರ) ಬರೆದುಕೊಳ್ಳುತ್ತಿದ್ದಾಗ ಇಬ್ನು ಉಮ್ಮಿ ಮಕ್ತೂಮ್(ರ) ಅಲ್ಲಿಗೆ ಬಂದರು. ಸಾಧ್ಯವಿದ್ದರೆ ತಾನೂ ಖಂಡಿತ ಹೋಗುತ್ತಿದ್ದೆನೆಂದು ಅವರು ಅರಿಕೆ ಮಾಡಿಕೊಂಡರು. ಆಗಲೇ, ಅದೇ ಸ್ಥಳದಲ್ಲಿ, ದೈಹಿಕ ತೊಂದರೆಯುಳ್ಳವರನ್ನು ಹೊರತುಪಡಿಸುವ ಪದಗಳು ಅವತೀರ್ಣವಾದವು ಎಂದು ಬುಖಾರಿಯಲ್ಲಿ ವರದಿಯಾಗಿದೆ. ಒಬ್ಬ ಅಂಧರ ಅಹವಾಲಿನ ಬೆನ್ನಿಗೇ ಬಂದ ಆ ಪದಗಳನ್ನು ಇಂದಿಗೂ ಜಗತ್ತಿನಾದ್ಯಂತ ಮುಸ್ಲಿಮರು ಓದುತ್ತಿದ್ದಾರೆ. ತನ್ನ ಸ್ಥಿತಿಯನ್ನು ತಾನೇ ವಿವರಿಸುವುದು ಅವಿನಯವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನಮಗೆ ಬೇಕಿಲ್ಲ.

ರಿಯಾಯಿತಿಯು ನಿಷೇಧವಲ್ಲ

ಅಮ್ರ್ ಬಿನ್ ಅಲ್ ಜಮೂಹ್(ರ) ಮದೀನದ ಬನೂ ಸಲಿಮಾ ಗೋತ್ರದ ಹಿರಿಯರು. ಅವರ ಕಾಲು ತೀವ್ರವಾಗಿ ಕುಂಟುತ್ತಿತ್ತು. ಸಿಂಹಗಳಂತಹ ನಾಲ್ವರು ಗಂಡುಮಕ್ಕಳಿದ್ದರು. ಹಿಜಿರಾ 3ನೇ ವರ್ಷದಲ್ಲಿ ಉಹುದ್ ಯುದ್ಧದ ಸನ್ನಾಹ ನಡೆದಾಗ ಮಕ್ಕಳು ತಂದೆಯನ್ನು ತಡೆದರು. ಅಲ್ಲಾಹನು ನಿಮಗೆ ವಿನಾಯಿತಿ ಕೊಟ್ಟಿದ್ದಾನೆ, ನಾವು ಹೋಗುತ್ತಿದ್ದೇವಲ್ಲ ಎಂಬುದು ಅವರ ವಾದ. ತಂದೆಯ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಹೇಳಿದ್ದರು. ಅಮ್ರ್(ರ) ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋಗಿ, ಮಕ್ಕಳು ತನ್ನನ್ನು ತಡೆಯುತ್ತಿದ್ದಾರೆಂದು ದೂರಿದರು. ಪ್ರವಾದಿವರ್ಯರು(ಸ) ಅವರಿಗೆ ವಿನಾಯಿತಿ ಇರುವುದನ್ನು ತಿಳಿಸಿದರು. ಆ ಮೇಲೆ ಮಕ್ಕಳ ಕಡೆಗೆ ತಿರುಗಿ, ತಂದೆಯನ್ನು ತಡೆಯಬೇಕಾದುದಿಲ್ಲ ಎಂದರು. ಅಮ್ರ್(ರ) ಉಹುದ್‌ನಲ್ಲಿ ಹುತಾತ್ಮರಾದರು.

ಇಲ್ಲಿ ನಮ್ಮ ಗಮನ ರಣರಂಗದ ಮೇಲಿಲ್ಲ, ಆ ತೀರ್ಪಿನ ಮೇಲಿದೆ. ಶರೀಅತ್ ಕೊಡುವ ವಿನಾಯಿತಿಯು ವ್ಯಕ್ತಿಯ ಭಾರವನ್ನು ಇಳಿಸಲಿಕ್ಕೆ ಇರುವುದು, ಅವನ ಆಯ್ಕೆಯನ್ನು ಕಿತ್ತುಕೊಳ್ಳಲಿಕ್ಕೆ ಅಲ್ಲ. ವಿನಾಯಿತಿಯನ್ನು ಬಳಸಬೇಕೇ ಬೇಡವೇ ಎಂಬ ನಿರ್ಧಾರ ಅವನದು. ನಮ್ಮ ಮನೆಗಳಲ್ಲಿ ಎಷ್ಟೊಂದು ಬಾರಿ ಪ್ರೀತಿಯೇ ಬೇಲಿಯಾಗಿ ನಿಲ್ಲುತ್ತದೆ! ಬಸ್ಸಿನಲ್ಲಿ ಒಬ್ಬನೇ ಹೋಗಬೇಡ, ಕಾಲೇಜು ದೂರ, ನಿನಗೇಕೆ ಕೆಲಸದ ಕಷ್ಟ, ನಾವಿದ್ದೇವಲ್ಲ. ಅಮ್ರ್(ರ)ರ ಮಕ್ಕಳು ಹೇಳಿದ್ದೂ ಇದನ್ನೇ.

ಎಲ್ಲರಿಗೂ ಒಂದೇ ಅಳತೆ ಸಲ್ಲದೆಂಬುದಕ್ಕೆ ಇತ್‌ಬಾನ್ ಬಿನ್ ಮಾಲಿಕ್(ರ)ರ ಘಟನೆ ಸಾಕ್ಷಿ. ಬದ್ರ್‌ನಲ್ಲಿ ಭಾಗವಹಿಸಿದ್ದ ಈ ಸಹಾಬಿಯ ದೃಷ್ಟಿ ಕುಂದಿತ್ತು. ಆದರೂ ತನ್ನ ಜನರಿಗೆ ಅವರೇ ಇಮಾಮ್. ಮಳೆ ಬಂದು ಕಣಿವೆ ಹರಿದಾಗ ಮಸೀದಿಗೆ ಹೋಗಲಾಗದು, ಆದ್ದರಿಂದ ತನ್ನ ಮನೆಗೆ ಬಂದು ಒಂದೆಡೆ ನಮಾಝ್ ಮಾಡಬೇಕು, ಆ ಜಾಗವನ್ನೇ ತಾನು ನಮಾಝ್‌ನ ಸ್ಥಳವಾಗಿಸಿಕೊಳ್ಳುವೆನೆಂದು ಅವರು ಪ್ರವಾದಿವರ್ಯರನ್ನು(ಸ) ಕೇಳಿಕೊಂಡರು. ಪ್ರವಾದಿವರ್ಯರು(ಸ) ಅಬೂಬಕರ್(ರ)ರೊಡನೆ ಅವರ ಮನೆಗೆ ಹೋದರು. ಒಳಗೆ ಕಾಲಿಟ್ಟವರು ಕೂರುವುದಕ್ಕೆ ಮೊದಲೇ, ಮನೆಯ ಯಾವ ಜಾಗದಲ್ಲಿ ನಮಾಝ್ ಮಾಡಬೇಕೆಂದು ಬಯಸುತ್ತೀರಿ ಎಂದು ಇತ್‌ಬಾನ್‌ರನ್ನೇ ವಿಚಾರಿಸಿದರು. ಅವರು ತೋರಿಸಿದ ಮೂಲೆಯಲ್ಲಿ ನಮಾಝ್ ನಡೆಯಿತು. ನೆರವು ಕೊಡಲು ಹೋದವರು ಪಾಲಿಸಬೇಕಾದ ಶಿಷ್ಟಾಚಾರವಿದು: ಮೊದಲು ಅವರನ್ನೇ ಕೇಳಬೇಕು.

ಒಬ್ಬ ಮಹಿಳೆಯ ಆಯ್ಕೆ

ಅಪಸ್ಮಾರದಿಂದ ಬಳಲುತ್ತಿದ್ದ ಕಪ್ಪುವರ್ಣದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದರು. ತನಗೆ ಫಿಟ್ಸ್ ಬರುತ್ತದೆ, ಆಗ ಬಟ್ಟೆ ಸರಿದು ದೇಹ ಕಾಣಿಸುತ್ತದೆ, ತನಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಪ್ರವಾದಿವರ್ಯರು(ಸ) ಅವರ ಮುಂದೆ ಎರಡು ಆಯ್ಕೆಗಳನ್ನಿಟ್ಟರು: ಸಹನೆ ವಹಿಸಿದರೆ ಸ್ವರ್ಗ, ಬಯಸಿದರೆ ಗುಣವಾಗಲೆಂದು ಪ್ರಾರ್ಥನೆ. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ಅಷ್ಟಕ್ಕೇ ಮಾತು ಮುಗಿಸಲಿಲ್ಲ. ದೇಹ ಕಾಣಿಸದಂತಿರಲು ಪ್ರಾರ್ಥಿಸಿರೆಂದು ಮತ್ತೆ ಕೇಳಿದರು. ಪ್ರವಾದಿವರ್ಯರು(ಸ) ಹಾಗೆಯೇ ಪ್ರಾರ್ಥಿಸಿದರು. ರೋಗಕ್ಕಿಂತಲೂ ಆಕೆಯನ್ನು ಹೆಚ್ಚು ಕಾಡುತ್ತಿದ್ದುದು ಮಾನದ ಪ್ರಶ್ನೆ. ಆಕೆಯನ್ನು ಮಾತನಾಡಲು ಬಿಟ್ಟುದರಿಂದಲೇ ಅದು ತಿಳಿದುಬಂತು. ಬೇರೆ ಯಾರಾದರೂ ಆಕೆಯ ಪರವಾಗಿ ಬಂದಿದ್ದರೆ ರೋಗ ವಾಸಿಯಾಗಲಿ ಎಂದಷ್ಟೇ ಕೇಳಿ ಹಿಂದಿರುಗುತ್ತಿದ್ದರೇನೋ.

ಈ ಮಹಿಳೆಯನ್ನು ತೋರಿಸಿ, ಸ್ವರ್ಗವಾಸಿಯಾದ ಸ್ತ್ರೀ ಇವರೆಂದು ಇಬ್ನು ಅಬ್ಬಾಸ್(ರ) ತನ್ನ ಶಿಷ್ಯರೊಬ್ಬರಿಗೆ ಹೇಳಿದ್ದರು. ಆ ಶಿಷ್ಯರು ಅತಾ ಬಿನ್ ಅಬೀ ರಬಾಹ್. ಯಮನ್‌ನಲ್ಲಿ ಹುಟ್ಟಿ ಮಕ್ಕಾದಲ್ಲಿ ಬೆಳೆದ ಅತಾರಿಗೆ ಒಂದು ಕಣ್ಣಿರಲಿಲ್ಲ, ಕಾಲು ಕುಂಟಾಗಿತ್ತು, ಕೊನೆಗಾಲದಲ್ಲಿ ದೃಷ್ಟಿ ಪೂರ್ತಿ ಹೋಯಿತು ಎಂದು ಚರಿತ್ರಕಾರರು ಬರೆದಿದ್ದಾರೆ. ಕುಲದ ಬಲವೂ ಇರಲಿಲ್ಲ. ಅಂಥವರು ಮಕ್ಕಾದ ಮುಫ್ತಿಯಾದರು. ಉಮವಿಯ್ಯಾ ಆಡಳಿತದಲ್ಲಿ ಹಜ್ಜ್‌ನ ದಿನಗಳಲ್ಲಿ ಅತಾರ ಹೊರತು ಬೇರೆ ಯಾರೂ ಫತ್ವಾ ನೀಡಬಾರದೆಂದು ಸಾರಲಾಗುತ್ತಿತ್ತು. ಇಮಾಮ್ ಅಬೂ ಹನೀಫಾ ಅವರ ಪಾಠಕ್ಕೆ ಕುಳಿತವರು. ಆ ಕಾಲದ ಮಸೀದಿಯ ಪಾಠಶಾಲೆಯು ಅವರ ದೇಹವನ್ನು ನೋಡದೆ ಅವರ ಪಾಂಡಿತ್ಯವನ್ನು ನೋಡಿತು.

ಆಡಳಿತ, ಪುಸ್ತಕ, ಕಾಗದದ ಅಕ್ಷರ

ವ್ಯಕ್ತಿಗಳ ಔದಾರ್ಯವೊಂದೇ ಸಾಲದು, ವ್ಯವಸ್ಥೆಯೂ ಬೇಕು. 705ರಿಂದ 715ರವರೆಗೆ ಆಳಿದ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ ಕುಷ್ಠರೋಗಿಗಳಿಗೆ ಭತ್ಯೆ ಗೊತ್ತುಪಡಿಸಿ ಅವರು ಭಿಕ್ಷೆ ಬೇಡದಂತೆ ಮಾಡಿದರು. ನಡೆಯಲಾರದ ಪ್ರತಿಯೊಬ್ಬರಿಗೆ ಒಬ್ಬ ಸೇವಕನನ್ನೂ ಅಂಧರಾದ ಪ್ರತಿಯೊಬ್ಬರಿಗೆ ದಾರಿ ತೋರುವ ಒಬ್ಬನನ್ನೂ ಒದಗಿಸಿದರು ಎಂದು ತಬರಿಯ ಇತಿಹಾಸದಲ್ಲಿದೆ. ರಾಜಕೀಯವಾಗಿ ಆ ಅರಸರನ್ನು ಹೇಗೆಯೇ ಅಳೆಯಲಿ, ನೆರವೆಂಬುದು ಬೀದಿಯ ದಾನವಾಗಿರದೆ ಬೈತುಲ್ ಮಾಲ್‌ನ ಹೊಣೆಯಾದುದು ಗಮನಾರ್ಹ.

ಸುಮಾರು 700 ವರ್ಷಗಳ ಹಿಂದೆ ಬಗ್ದಾದ್‌ನಲ್ಲಿ ಝೈನುದ್ದೀನ್ ಅಲ್ ಆಮಿದಿ ಎಂಬ ಹಂಬಲಿ ವಿದ್ವಾಂಸರಿದ್ದರು. ಅಂಧರಾಗಿದ್ದ ಅವರ ಜೀವನೋಪಾಯ ಪುಸ್ತಕ ವ್ಯಾಪಾರ. ಒಂದು ಪುಸ್ತಕ ಕೊಂಡಾಗ ತೆಳುವಾದ ಕಾಗದವನ್ನು ಹೊಸೆದು ಅಕ್ಷರದ ಆಕಾರಕ್ಕೆ ಬಾಗಿಸಿ, ಪುಸ್ತಕದ ರಟ್ಟಿನ ಒಳಬದಿಗೆ ಅಂಟಿಸುತ್ತಿದ್ದರು. ಅರಬಿ ಅಕ್ಷರಗಳಿಗೆ ಸಂಖ್ಯಾಮೌಲ್ಯವಿರುವುದರಿಂದ ಆ ಅಕ್ಷರವೇ ಪುಸ್ತಕದ ಬೆಲೆ. ಮರೆತಾಗ ಬೆರಳಾಡಿಸಿ ಓದಿಕೊಳ್ಳುತ್ತಿದ್ದರು. ಲೂಯಿ ಬ್ರೈಲ್ ತನ್ನ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ಅದಕ್ಕೆ ಐದು ಶತಮಾನಗಳ ಹಿಂದೆಯೇ ಒಬ್ಬ ಅಂಧ ವ್ಯಾಪಾರಿ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳಲು ಉಪಾಯ ಕಂಡುಕೊಂಡಿದ್ದರು. ಈ ವಿವರವನ್ನು ನಮಗೆ ಉಳಿಸಿಕೊಟ್ಟವರು 1363ರಲ್ಲಿ ನಿಧನರಾದ ಸಫದಿ. ಅಂಧ ವಿದ್ವಾಂಸರ, ಕವಿಗಳ, ಗಣ್ಯರ ಚರಿತ್ರೆಗಳಿಗಾಗಿಯೇ ಅವರು ಒಂದು ಗ್ರಂಥ ಬರೆದರು. ಅಂತಹ ಗ್ರಂಥ ತುಂಬುವಷ್ಟು ಜನ ಆ ಸಮಾಜದಲ್ಲಿದ್ದರು ಎಂಬುದೇ ಯೋಚಿಸತಕ್ಕ ಮಾತು.

ಊಟದ ತಟ್ಟೆಯ ಮುಂದೆ ಒಬ್ಬ ಬಾಲಕ

ಈ ಪರಂಪರೆ ಸದಾ ಹೀಗೆಯೇ ಉಳಿಯಿತೆಂದು ಹೇಳಿದರೆ ಅದು ಆತ್ಮವಂಚನೆಯಾದೀತು. 1889ರಲ್ಲಿ ಈಜಿಪ್ಟಿನ ಹಳ್ಳಿಯೊಂದರಲ್ಲಿ ಹುಟ್ಟಿದ ತಾಹಾ ಹುಸೈನ್ ಎಳವೆಯಲ್ಲೇ ಕಣ್ಣಿನ ರೋಗ ಮತ್ತು ತಪ್ಪು ಚಿಕಿತ್ಸೆಯಿಂದ ದೃಷ್ಟಿ ಕಳೆದುಕೊಂಡರು. 'ಅಲ್ ಅಯ್ಯಾಮ್' ಎಂಬ ತಮ್ಮ ಆತ್ಮಕಥೆಯಲ್ಲಿ ಅವರು ಒಂದು ಘಟನೆಯನ್ನು ದಾಖಲಿಸಿದ್ದಾರೆ. ಮನೆಮಂದಿಯೊಡನೆ ಉಣ್ಣುತ್ತಿದ್ದಾಗ ಬಾಲಕನು ಕುತೂಹಲದಿಂದ ಒಂದು ಕೈಯ ಬದಲು ಎರಡೂ ಕೈಗಳಿಂದ ತುತ್ತು ಎತ್ತಿದ. ಅಣ್ಣಂದಿರು ನಕ್ಕರು, ತಾಯಿ ಅತ್ತರು, ತಂದೆ ದುಃಖದ ದನಿಯಲ್ಲಿ ತಿದ್ದಿದರು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಬಳಿಕ ಬಹುಕಾಲ ಇತರರ ಎದುರು ಉಣ್ಣಲು ಅವನು ಹಿಂಜರಿದ. ನಗು ಗಾಯ ಮಾಡಿತು, ಅಳುವೂ ಗಾಯ ಮಾಡಿತು. ಮಗುವಿಗೆ ತಪ್ಪು ಮಾಡಿ ಕಲಿಯುವ ಅವಕಾಶವನ್ನು ಎರಡೂ ಕಸಿದುಕೊಂಡವು.

ಹಳ್ಳಿಯ ಮಕ್ತಬ್‌ನಲ್ಲಿ ಕುರ್‌ಆನ್ ಕಂಠಪಾಠ ಮಾಡಿದ ಆ ಬಾಲಕ 1902ರಲ್ಲಿ ಅಲ್ ಅಝ್‌ಹರ್ ಸೇರಿದರು. 1914ರಲ್ಲಿ ಕೈರೋದ ಹೊಸ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆ ಪ್ರಬಂಧದ ವಿಷಯ ಅಬುಲ್ ಅಲಾ ಅಲ್ ಮಅರ್ರಿ, ಅವರೂ ಅಂಧ ಕವಿ. ಆ ಮೇಲೆ ಪ್ಯಾರಿಸ್‌ನಲ್ಲಿ ಇಬ್ನು ಖಲ್ದೂನ್‌ರ ಕುರಿತು ಇನ್ನೊಂದು ಪ್ರಬಂಧ ಬರೆದರು. 1950ರಲ್ಲಿ ಈಜಿಪ್ಟಿನ ಶಿಕ್ಷಣ ಸಚಿವರಾಗಿ, ಶಿಕ್ಷಣವು ನೀರು ಮತ್ತು ಗಾಳಿಯಂತೆ ಎಲ್ಲರಿಗೂ ಸಿಗಬೇಕೆಂಬ ನಿಲುವಿನಿಂದ ಉಚಿತ ಶಿಕ್ಷಣವನ್ನು ವಿಸ್ತರಿಸಿದರು. ಅವರ ಕೆಲವು ಬರಹಗಳ ಬಗ್ಗೆ ಉಲಮಾಗಳಿಗೆ ತೀವ್ರ ಆಕ್ಷೇಪವಿತ್ತು, ಆ ಚರ್ಚೆ ಇಲ್ಲಿಯದಲ್ಲ. ಊಟದ ತಟ್ಟೆಯ ಮುಂದೆ ನಾಚಿ ಕುಗ್ಗಿದ ಮಗು ಒಂದು ದೇಶದ ಮಕ್ಕಳೆಲ್ಲರ ಶಾಲೆಯ ಬಗ್ಗೆ ನಿರ್ಧರಿಸುವ ಸ್ಥಾನಕ್ಕೆ ಬಂದುದಷ್ಟೇ ನಮ್ಮ ಇಲ್ಲಿನ ಪಾಠ.

ನಮ್ಮ ದೇಶದಲ್ಲಿ

ನಮ್ಮ ಬೆಂಗಳೂರಿನಲ್ಲಿ ಗಾಲಿಕುರ್ಚಿ ಬಳಸುತ್ತಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ವಿಕಲಚೇತನರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಇತರರು ಮಾಡಿಕೊಡಲೆಂದು ಕಾಯದೆ ತಾವೇ ಮುಂದಾದವರು ಅವರು. 1965ರಲ್ಲಿ ಅಲೀಗಢದಲ್ಲಿ ಹುಟ್ಟಿದ ಜಾವೇದ್ ಆಬಿದಿಯವರಿಗೆ ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿತ್ತು. ಹದಿಹರೆಯದಲ್ಲಿ ಗಾಲಿಕುರ್ಚಿ ಅನಿವಾರ್ಯವಾಯಿತು. ಅಮೆರಿಕದಲ್ಲಿ ಓದಿ, 1989ರಲ್ಲಿ ದೇಶಕ್ಕೆ ಮರಳಿದರು. ವಿಕಲಚೇತನರನ್ನೇ ಒಗ್ಗೂಡಿಸಿ, ದಾನವಲ್ಲ ಹಕ್ಕು ಬೇಕೆಂದು ಬೀದಿಗಿಳಿದರು. 1995ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿತು. ವಿಮಾನ ಪ್ರಯಾಣದಲ್ಲಿನ ತೊಡಕುಗಳ ಕುರಿತು ಅವರು ಸುಪ್ರೀಂ ಕೋರ್ಟಿಗೆ ಹೋಗಿ 1998ರಲ್ಲಿ ಆದೇಶ ಪಡೆದರು. ಹೋರಾಟದ ಫಲವಾಗಿ 2001ರ ಜನಗಣತಿಯಲ್ಲಿ ವಿಕಲಚೇತನರ ಎಣಿಕೆಗೆ ಪ್ರಶ್ನೆ ಸೇರಿತು. ಎಣಿಕೆಗೆ ಬಾರದವರಿಗೆ ಯೋಜನೆಗಳಲ್ಲಿ ಪಾಲಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 2018ರ ಮಾರ್ಚ್‌ನಲ್ಲಿ ಅವರು ನಿಧನರಾದರು. ಅವರ ಪೀಳಿಗೆಯ ಹೋರಾಟದಿಂದ ಬಂದ 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಸರಕಾರಿ ಉದ್ಯೋಗದಲ್ಲಿ ಶೇ. 4 ಮತ್ತು ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ನೀಡುತ್ತದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರಲ್ಲಿ ನಮ್ಮ ಮೊಹಲ್ಲಾಗಳ ಮಕ್ಕಳೂ ಇದ್ದಾರೆ. ಕಾಯಿದೆ ಬಂದಿದೆ, ಆದರೆ ಹಕ್ಕು ಕೇಳಲು ಬಾಯಿ ಬೇಕು, ಆ ಬಾಯಿ ಮನೆಯಲ್ಲೇ ಮೊದಲು ಅಭ್ಯಾಸವಾಗಬೇಕು.

ನಾವು ಮಾಡಬಹುದಾದುದೇನು? ಪ್ರಶ್ನೆಯನ್ನು ತಾಯಿಗೆ ಕೇಳದೆ ಮಗುವಿಗೇ ಕೇಳೋಣ, ಉತ್ತರ ತಡವಾದರೆ ಕಾಯೋಣ. ಮಾತು ಬಾರದಿದ್ದರೆ ಸನ್ನೆ, ಚಿತ್ರ, ಫೋನು ಏನಾದರೊಂದು ದಾರಿ ಇದ್ದೇ ಇದೆ. ಅಂಗಡಿಯ ಚಿಲ್ಲರೆ ಲೆಕ್ಕ, ತನ್ನ ಔಷಧಿಯ ಹೆಸರು, ತನ್ನ ಬ್ಯಾಂಕ್ ಖಾತೆ ಇವನ್ನು ಅವನೇ ನೋಡಿಕೊಳ್ಳಲಿ. ಗುರುತಿನ ಚೀಟಿಗಾಗಿ ಕಚೇರಿಗೆ ಹೋದಾಗ ನಾವು ಪಕ್ಕದಲ್ಲಿ ನಿಲ್ಲೋಣ, ಮಾತನಾಡುವುದು ಅವನಾಗಲಿ. ವೈದ್ಯರ ಮುಂದೆ ತನ್ನ ನೋವನ್ನು ಅವಳೇ ವಿವರಿಸಲಿ. ತಪ್ಪಿದರೆ ನಗುವುದೂ ಬೇಡ, ಅಳುವುದೂ ಬೇಡ, ಇನ್ನೊಮ್ಮೆ ಪ್ರಯತ್ನಿಸಲು ಬಿಡೋಣ. ಮಸೀದಿಯ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟುವ ಮುನ್ನ ಗಾಲಿಕುರ್ಚಿಯಲ್ಲಿ ಬರುವವನನ್ನೇ ಕರೆದು ಎಷ್ಟು ಅಗಲ ಬೇಕೆಂದು ಕೇಳೋಣ. ವುಝೂವಿನ ನಲ್ಲಿ, ಶೌಚಾಲಯದ ಬಾಗಿಲು ಇವುಗಳ ಬಗ್ಗೆಯೂ ಹೇಳಬೇಕಾದವನು ಅವನೇ. ಜಮಾಅತ್ ಸಮಿತಿಯಲ್ಲಿ, ಯುವಕರ ಸಂಘಟನೆಯಲ್ಲಿ ಅವರಿಗೊಂದು ಕೆಲಸ ಇರಲಿ. ಸನ್ಮಾನದ ಶಾಲು ಹೊದೆಸಿ ವೇದಿಕೆಯಿಂದ ಇಳಿಸುವುದಕ್ಕಿಂತ ಲೆಕ್ಕದ ಪುಸ್ತಕವನ್ನು ಅವರ ಕೈಗೆ ಕೊಡುವುದು ಮೇಲು.

ಇದಕ್ಕೆಲ್ಲ ತಾಳ್ಮೆ ಬೇಕು. ನಾವೇ ಮಾಡಿಬಿಟ್ಟರೆ ಐದು ನಿಮಿಷದ ಕೆಲಸ, ಮಗು ಮಾಡಿದರೆ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಇಂದು ಕೊಡದಿದ್ದರೆ, ರಾತ್ರಿ ದುಆದಲ್ಲಿ ಕೇಳುವ ಆ ಪ್ರಶ್ನೆಗೆ ನಾಳೆಯೂ ಉತ್ತರವಿರದು. ಎಲ್ಲ ಮಕ್ಕಳೂ ಎಲ್ಲವನ್ನೂ ಸ್ವತಃ ಮಾಡಲಾರರು, ಕೆಲವರಿಗೆ ಬದುಕಿಡೀ ಆಸರೆ ಬೇಕು. ಅಂಥವರಿಗೂ ಬೇಕು ಬೇಡಗಳಿವೆ, ಅವನ್ನು ತಿಳಿಸುವ ಒಂದು ರೀತಿಯಿದೆ, ಅದನ್ನು ಕಲಿತುಕೊಳ್ಳಬೇಕಾದವರು ನಾವು.

ಮದೀನದ ಆ ಮುಂಜಾನೆಗಳಲ್ಲಿ ಯಾರೋ ಒಬ್ಬರು ಆಕಾಶವನ್ನು ನೋಡಿ, ಬೆಳಗಾಯಿತೆಂದು ಹೇಳಿ ಪಕ್ಕಕ್ಕೆ ಸರಿಯುತ್ತಿದ್ದರು. ಅವರ ಹೆಸರನ್ನು ಇತಿಹಾಸ ಬರೆದಿಟ್ಟಿಲ್ಲ. ಅಝಾನ್ ಕರೆದವರ ಹೆಸರನ್ನು ಬರೆದಿಟ್ಟಿದೆ. ನಮ್ಮ ಮಕ್ಕಳ ಪಾಲಿಗೆ ಹಾಗೆ ಹೇಳಿ ಸರಿದು ನಿಲ್ಲುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ಕರುಣಿಸಲಿ. ಆಮೀನ್.